ದಾಳ ಕಂಡ ಕೂಡಲೇ ಜೂಜು ಅನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಪತ್ರಗಳ ಜಾಗದಲ್ಲಿ ಒಬ್ಬರು ಬರೆದಿದ್ದರು. ಈಗಿನ ಮಕ್ಕಳು ರಜೆಯಲ್ಲಿ ಕಡಲ್ಗಳ್ಳರ ಆಟ ಆಡುತ್ತಾರೆ, ಕಾನೂನೇ ಇಲ್ಲದ ಊರು ಕಟ್ಟಿಕೊಂಡು ದರೋಡೆ ಕಲಿಯುತ್ತಾರೆ ಅಂತ. ಅದೇ ವಾರ ನನ್ನ ಮೊಮ್ಮಗಳನ್ನೂ ಅವಳ ಏಳು ಮಂದಿ ಸ್ನೇಹಿತರನ್ನೂ ಒಂದು ವಾಚನಾಲಯದಿಂದ ಎಬ್ಬಿಸಿ ಕಳಿಸಿದರು. ಮೇಜಿನ ಮೇಲೆ ದಾಳ ಇತ್ತು. "ಇಲ್ಲಿ ಜೂಜು ಬೇಡ" ಅಂದರಂತೆ. ಹುಡುಗಿ ಮನೆಗೆ ಬಂದವಳು ಮಾತಾಡದೆ ಒಳಗೆ ಹೋದಳು. ಅವಳ ಚೀಲದಲ್ಲಿ ಸುತ್ತಿಟ್ಟ ನಕ್ಷೆಯ ಒಂದು ಮೂಲೆ ಹರಿದಿತ್ತು. ಆ ನಕ್ಷೆ ಬಿಡಿಸಲು ಅವಳು ಎಪ್ರಿಲ್ ತಿಂಗಳು ಪೂರ್ತಿ ಕೂತಿದ್ದಳು.

ನಾನು ಮೂವತ್ತೊಂದು ವರ್ಷ ಹಡಗಿನಲ್ಲಿ ದುಡಿದವನು. ಖಲಾಸಿಯಾಗಿ ಸೇರಿ ಬೋಸನ್ ಆಗಿ ನಿವೃತ್ತನಾದೆ. ಖಲಾಸಿಗಳ ಮುಖಂಡ. ಹಳಬರು ಸಾರಂಗ ಅನ್ನುತ್ತಿದ್ದರಲ್ಲ, ಅದೇ ಕೆಲಸ. ನಿಜವಾದ ಕಡಲ್ಗಳ್ಳರ ಭಯವನ್ನೂ ಕಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಟ ಏನು ಅಂತ ಹೇಳುತ್ತೇನೆ. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ ಬಂತು. ಇದು ಅದೇ ಜಾತಿಯದ್ದು. ನಮ್ಮ ಕುಂಬಳೆ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ ಇಲ್ಲ. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ರಂಗಸ್ಥಳ ಇಲ್ಲ. ಕೂತಲ್ಲೇ ಒಬ್ಬರು ಕರ್ಣ, ಒಬ್ಬರು ಕೃಷ್ಣ. ಮಾತು ಯಾರೂ ಬರೆದುಕೊಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಇಲ್ಲೂ ಹಾಗೇ. ಭಾಗವತರ ಜಾಗದಲ್ಲಿ ನನ್ನ ಮೊಮ್ಮಗಳು ಕೂರುತ್ತಾಳೆ. ಗೇಮ್ ಮಾಸ್ಟರ್ ಅನ್ನುತ್ತಾರೆ. ಅವಳು ಸಂದರ್ಭ ಹೇಳುತ್ತಾಳೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಒಂದು ವ್ಯತ್ಯಾಸ ಇದೆ. ತಾಳಮದ್ದಳೆಯಲ್ಲಿ ಕರ್ಣ ಎಷ್ಟು ಚಂದ ಮಾತಾಡಿದರೂ ಕೊನೆಗೆ ಬೀಳಲೇಬೇಕು. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. "ಕತ್ತಲೆಯಲ್ಲೇ ಅಳಿವೆ ದಾಟುತ್ತೇನೆ" ಅಂತ ಒಬ್ಬ ಹೇಳಿದರೆ, ದಾಟಿದನೋ ದೋಣಿ ಮರಳಲ್ಲಿ ಹೂತಿತೋ ಅಂತ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದಾಳಕ್ಕೆ ಇರುವ ಕೆಲಸ ಇಷ್ಟೇ. ಒಂದು ರೂಪಾಯಿ ಪಣ ಇಲ್ಲ.

ಶುರುವಿಗೆ ಇವರು ಆಡಿದ್ದು ಬೇರೆಯವರು ಕಟ್ಟಿದ ಕರಾವಳಿಯಲ್ಲಿ. ಪಾತ್‌ಫೈಂಡರ್ ಎಂಬ ಆಟದಲ್ಲಿ ಶ್ಯಾಕಲ್ಸ್ ಅಂತ ದ್ವೀಪಗಳ ಒಂದು ಸೀಮೆ ಇದೆ. ಅಲ್ಲಿ ಕಡಲ್ಗಳ್ಳರದ್ದೇ ಆಳ್ವಿಕೆ. ಅವರ ಮುಖ್ಯಸ್ಥನಿಗೆ ಹರಿಕೇನ್ ಕಿಂಗ್ ಅಂತ ಹೆಸರು. ಆ ಕಡೆಯ ಸಮುದ್ರದಲ್ಲಿ ಎಂದೂ ನಿಲ್ಲದ ಒಂದು ಚಂಡಮಾರುತ ಸುತ್ತುತ್ತಾ ಇರುತ್ತದೆ. ಎರಡು ಆದಿತ್ಯವಾರ ಸುಮ್ನೆ ಕೇಳುತ್ತಾ ಕೂತೆ. ಮೂರನೇ ವಾರ ತಡೆಯಲಾಗಲಿಲ್ಲ. "ಮಗಾ, ಇವರಿಗೆ ಕುಡಿಯುವ ನೀರು ಎಲ್ಲಿಂದ? ಅಕ್ಕಿ ಎಲ್ಲಿಂದ? ಹಡಗಿನ ತಳಕ್ಕೆ ಹಿಡಿದ ಚಿಪ್ಪನ್ನು ಯಾವ ದಡದಲ್ಲಿ ಕೆರೆಯುತ್ತಾರೆ?" ಅಂತ ಕೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮೊಮ್ಮಗಳು ಹೇಳಿದಳು, "ಅಜ್ಜ, ಹಾಗಾದ್ರೆ ನಮ್ಮ ಕಡಲನ್ನೇ ಹಾಕುವ."

ಅಲ್ಲಿಂದ ಹುಟ್ಟಿದ್ದು ಆ ನಕ್ಷೆ. ಉಪ್ಪಳ ಹೊಳೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ ಅಂತ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದರು. ಈಗ ಒಂದೊಂದು ಅಳಿವೆಗೆ ಒಬ್ಬೊಬ್ಬ ತಾಂಡೇಲ, ಅಂದರೆ ದೋಣಿ ನಡೆಸುವ ಮುಖಂಡ. ಯಾಕೆ ಅಳಿವೆ? ಅದನ್ನು ನಾನೇ ಹೇಳಿಕೊಟ್ಟೆ. ಹೊಳೆ ಕಡಲು ಸೇರುವಲ್ಲಿ ಮರಳ ದಿಬ್ಬ ಇರುತ್ತದೆ. ದೊಡ್ಡ ಹಡಗಿಗೆ ಅಲ್ಲಿ ಆಳ ಸಾಲದು. ಚಪ್ಪಟೆ ತಳದ ದೋಣಿ ನುಸುಳಿ ಒಳಗೆ ಹೋಗಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆಗೆ ಸೇರಿಕೊಳ್ಳುತ್ತದೆ. ಪ್ರತಿ ಮಳೆಗಾಲಕ್ಕೆ ಆ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇಲ್ಲ. ಅದನ್ನು ಬಲ್ಲವನೇ ಅಲ್ಲಿಯ ದೊರೆ. ಶ್ಯಾಕಲ್ಸ್‌ನಲ್ಲಿ ಚಂಡಮಾರುತ ಮಾಡುವ ಕೆಲಸವನ್ನು ಇಲ್ಲಿ ಆಟಿ ತಿಂಗಳ ಮಳೆಗಾಲದ ಕಡಲು ಮಾಡುತ್ತದೆ. ಆಗ ಕಡಲು ಎಲ್ಲರಿಗೂ ಬಂದ್. ಕಳ್ಳನೂ ಒಣಮೀನು ತಿಂದು ದಡದಲ್ಲೇ ಕೂರಬೇಕು.

ತೆಂಕಲಿಗೆ ಬೇಕಲ ಕೋಟೆ. ಮೊಗವೀರರು ನಂಬುವ ಬೊಬ್ಬರ್ಯ ದೈವ ಇಲ್ಲಿಯ ಕಡಲಿಗೆಲ್ಲ ಕಾವಲು. ಅವನ ಹೆಸರಲ್ಲಿ ಆಣೆ ಹಾಕಿ ಮುರಿದರೆ ಗಾಳಿ ತಿರುಗುತ್ತದೆ ಅಂತ ಮಕ್ಕಳು ನಿಯಮ ಮಾಡಿದ್ದಾರೆ. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಬಂದರಿನಲ್ಲಿ ಚೌಕಾಸಿ ಮಾಡುವಾಗ ಎದುರಿಗಿರುವವನ ಭಾಷೆಯಲ್ಲಿ ಮಾತಾಡಿದರೆ ದಾಳದಲ್ಲಿ ಎರಡು ಅಂಕ ಜಾಸ್ತಿ. ಸುಮ್ನೆ ಬರುತ್ತದೆ ಅಂದರೆ ಆಗದು, ಮಾತಾಡಿ ತೋರಿಸಬೇಕು. ಹಾಗಾಗಿ ನಮ್ಮ ಚಾವಡಿಯಲ್ಲಿ ಈಗ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲಾ ಕೇಳುತ್ತವೆ. ಮನೆಯಲ್ಲಿ ಮರಾಠಿ ಮಾತಾಡುವ ಹುಡುಗನೊಬ್ಬ ಮೊದಲು ನಾಚುತ್ತಿದ್ದ. ಈಗ ಅವನಿಗೇ ಬೇಡಿಕೆ.

ಇದೆಲ್ಲ ಬರೀ ಕಲ್ಪನೆ ಅಂತ ತಿಳಿಯಬೇಡಿ. ಮಾರ್ಕೊ ಪೋಲೊ ಹದಿಮೂರನೇ ಶತಮಾನದ ಕೊನೆಯಲ್ಲಿ ಈ ಕಡಲಿನ ಕಡಲ್ಗಳ್ಳರ ಬಗ್ಗೆ ಬರೆದಿಟ್ಟಿದ್ದಾನೆ. ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಬೇಸಗೆ ಪೂರ್ತಿ ಕಡಲಲ್ಲೇ ಇರುತ್ತಿದ್ದರಂತೆ. ಇಪ್ಪತ್ತು ಮೂವತ್ತು ಹಡಗುಗಳು, ಐದಾರು ಮೈಲಿಗೊಂದರಂತೆ ಸಾಲಾಗಿ ನಿಲ್ಲುತ್ತಿದ್ದವು. ಒಬ್ಬನಿಗೆ ವ್ಯಾಪಾರಿ ಹಡಗು ಕಂಡರೆ ಬೆಂಕಿಯೋ ಹೊಗೆಯೋ ಎಬ್ಬಿಸಿ ಉಳಿದವರಿಗೆ ತಿಳಿಸುವುದು. ಗುಜರಾತಿನ ಕಡೆಯವರು ವ್ಯಾಪಾರಿಗಳಿಗೆ ಹುಣಸೆಹುಳಿ ಕದಡಿದ ಉಪ್ಪುನೀರು ಕುಡಿಸುತ್ತಿದ್ದರಂತೆ, ಮುತ್ತು ನುಂಗಿದ್ದರೆ ಹೊರಗೆ ಬರಲಿ ಅಂತ. ಇನ್ನು ನಮ್ಮ ತೆಂಕಲಿನ ಏಳಿಮಲೆಯ ವಿಷಯ. ಅಲ್ಲಿಗೇ ಅಂತ ಬಂದ ಹಡಗಿಗೆ ಮರ್ಯಾದೆ, ರಕ್ಷಣೆ. ಬೇರೆಲ್ಲಿಗೋ ಹೊರಟು ದಾರಿ ತಪ್ಪಿ ಬಂದದ್ದಾದರೆ, ದೇವರೇ ಕಳಿಸಿದ್ದು ಅಂತ ಹೇಳಿ ದೋಚುವುದು. ನೋಡಿ, ದೋಚುವುದಕ್ಕೂ ಒಂದು ಕಟ್ಟಳೆ.

ಆ ಪತ್ರ ಬರೆದವರಿಗೆ ನಾನು ಹೇಳಬೇಕಾದದ್ದು ಇಲ್ಲೇ ಇದೆ. ಕಾನೂನಿಲ್ಲದ ಕರಾವಳಿ ಅಂತ ಆಟಕ್ಕೆ ಹೆಸರಿಟ್ಟ ಕೂಡಲೇ ಮಕ್ಕಳು ಮಾಡುವ ಮೊದಲ ಕೆಲಸ ಕಾನೂನು ಮಾಡುವುದು. ರಾಜ ಇಲ್ಲ, ಪೊಲೀಸ್ ಇಲ್ಲ. ಹಾಗಾದರೆ ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಬೇಕು? ಈ ಪ್ರಶ್ನೆಗೆ ಅವರು ಒದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಆದಿತ್ಯವಾರ ಹೀಗಾಯಿತು. ಒಂಬತ್ತನೇ ಕ್ಲಾಸಿನ ಹುಡುಗ, ಆಟದಲ್ಲಿ ಹಡಗಿನ ಅಡುಗೆಯವನು. ಜಗಳದಲ್ಲಿ ದಾಳ ಕೆಟ್ಟದಾಗಿ ಬಿದ್ದು ಅವನ ಬಲಗೈ ಹೋಯಿತು. ಲೂಟಿ ಹಂಚುವಾಗ ಇಬ್ಬರು, "ಇನ್ನು ಇವನಿಂದ ಕೆಲಸ ಆಗುವುದಿಲ್ಲ, ಅರ್ಧ ಪಾಲು ಸಾಕು" ಅಂದರು. ಅಡುಗೆಯವನು ಪೆನ್ಸಿಲ್ ಕೆಳಗಿಟ್ಟ. ಅಲ್ಲಿಂದ ಎರಡು ಗಂಟೆ ವಾದ. ಚಹಾ ತಣ್ಣಗಾಯಿತು, ಗೋಳಿಬಜೆ ತಟ್ಟೆಯಲ್ಲೇ ಉಳಿಯಿತು. ಕೊನೆಗೆ ಮೀನು ಹಿಡಿಯುವವರ ಮನೆಯ ಹುಡುಗಿಯೊಬ್ಬಳು ಹೇಳಿದಳು, "ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಉಂಟು ಅಂತ ನಮ್ಮ ಅಜ್ಜ ಹೇಳ್ತಾರೆ. ಇವನು ಕೈಯನ್ನೇ ಕೊಟ್ಟಿದ್ದಾನಲ್ವಾ?" ಎಲ್ಲರೂ ಸುಮ್ಮನಾದರು. ಪೂರ್ತಿ ಪಾಲು, ಮೇಲೆ ಗಾಯದ ದುಡ್ಡು ಅಂತ ತೀರ್ಮಾನ ಆಯಿತು.

ಆಗ ನಾನು ಅವರಿಗೆ ಬಾರ್ಥೊಲೊಮ್ಯೂ ರಾಬರ್ಟ್ಸ್ ವಿಷಯ ಹೇಳಿದೆ. 1719ರಿಂದ 1722ರ ತನಕ ಅಟ್ಲಾಂಟಿಕ್ ಕಡಲಲ್ಲಿ ದೊಡ್ಡ ಹೆಸರು ಮಾಡಿದ ಕಡಲ್ಗಳ್ಳ. ಅವನ ಹಡಗಿನಲ್ಲಿ ಬರೆದ ಕಟ್ಟಳೆಗಳಿದ್ದವು. ಪ್ರತಿಯೊಬ್ಬನಿಗೂ ಒಂದು ಮತ. ಕ್ಯಾಪ್ಟನ್‌ಗೆ ಎರಡು ಪಾಲು, ಬೋಸನ್‌ಗೆ ಒಂದೂವರೆ. ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಕೈಕಾಲು ಕಳೆದುಕೊಂಡವನಿಗೆ ಎಂಟುನೂರು ಬೆಳ್ಳಿ ನಾಣ್ಯ. ಮತ್ತೊಂದು ಕಟ್ಟಳೆಯನ್ನು ಆ ವಾಚನಾಲಯದವರೂ ಓದಬೇಕು: ದುಡ್ಡಿಟ್ಟು ಇಸ್ಪೀಟಾಗಲಿ ದಾಳವಾಗಲಿ ಆಡಕೂಡದು.

ಯಾರು ಕಳ್ಳ ಅನ್ನುವುದೂ ಅಷ್ಟು ಸುಲಭದ ಪ್ರಶ್ನೆ ಅಲ್ಲ. ಪೋರ್ಚುಗೀಸರು ಈ ಕಡಲಿಗೆ ಬಂದು ಕಾರ್ತಾಜ್ ಅಂತ ಒಂದು ಚೀಟಿ ಮಾಡಿದರು. ದುಡ್ಡು ಕೊಟ್ಟು ಅದನ್ನು ಪಡೆಯದ ಹಡಗನ್ನು ಹಿಡಿಯುತ್ತಿದ್ದರು. ಕಲ್ಲಿಕೋಟೆಯ ದೊರೆ ಸಾಮೂದಿರಿಯ ನೌಕಾಪಡೆ ನಡೆಸಿದ ಕುಂಜಾಲಿ ಮರಕ್ಕಾರರು ಅವರ ಲೆಕ್ಕದಲ್ಲಿ ಕಡಲ್ಗಳ್ಳರು. ನಾಲ್ಕನೇ ಕುಂಜಾಲಿಯನ್ನು 1600ರಲ್ಲಿ ಗೋವಾದಲ್ಲಿ ಕೊಂದರು. ಕಪ್ಪ ಕೊಡಲು ಒಪ್ಪದ ಉಳ್ಳಾಲದ ಅಬ್ಬಕ್ಕ ನಮಗೆ ರಾಣಿ. ಮಕ್ಕಳ ನಕ್ಷೆಯಲ್ಲಿ ಬಡಗಲಿಗೆ ಚೀಟಿ ಮಾರುವ ಒಂದು ಬಂದರು ಇದೆ. ಅದರ ಜೊತೆ ಏನು ಮಾಡಬೇಕು ಅಂತ ಅವರಲ್ಲಿ ಇನ್ನೂ ಒಮ್ಮತ ಆಗಿಲ್ಲ.

ಇಷ್ಟು ಹೇಳಿ ಅವರಿಗೆ ಇನ್ನೊಂದು ಮುಖವನ್ನು ಹೇಳದಿದ್ದರೆ ತಪ್ಪಾಗುತ್ತಿತ್ತು. 2010ರಲ್ಲಿ ನಮ್ಮ ಹಡಗು ತುಂಬಿದ ಸರಕಿನೊಂದಿಗೆ ಏಡನ್ ಕೊಲ್ಲಿ ದಾಟುತ್ತಿತ್ತು. ಭಾರಕ್ಕೆ ಹಡಗು ನೀರಲ್ಲಿ ತಗ್ಗಿತ್ತು, ವೇಗ ಹನ್ನೆರಡು ನಾಟ್ ಮೀರುತ್ತಿರಲಿಲ್ಲ. ಅಂಥದ್ದೇ ಹಡಗು ಸೊಮಾಲಿಯಾದ ಕಡಲ್ಗಳ್ಳರಿಗೆ ಬೇಕು. ಅಂಚಿನ ಉದ್ದಕ್ಕೂ ಬ್ಲೇಡಿನ ಮುಳ್ಳುತಂತಿ ನಾವೇ ಸುತ್ತಿದ್ದೆವು. ಬೆಂಕಿ ಆರಿಸುವ ಪೈಪುಗಳನ್ನು ಹೊರಕ್ಕೆ ಮುಖ ಮಾಡಿ ಕಟ್ಟಿದ್ದೆವು. ಹಳೇ ಬಾಯ್ಲರ್ ಸೂಟಿಗೆ ಚಿಂದಿ ತುಂಬಿ ಕಾವಲುಗಾರರ ಹಾಗೆ ನಿಲ್ಲಿಸಿದ್ದೆವು. ಬೆಳಗಿನ ಜಾವ ಎರಡು ಸಣ್ಣ ದೋಣಿ ಬಂದವು. ಒಂದರಲ್ಲಿ ಕೊಕ್ಕೆ ಇರುವ ಏಣಿ ಕಂಡಿತು. ನಾವೆಲ್ಲ ಕೆಳಗಿನ ಕೋಣೆಗೆ ಓಡಿ ಒಳಗಿಂದ ಬಾಗಿಲು ಹಾಕಿಕೊಂಡೆವು. ಅಲ್ಲಿ ಸೆಕೆ, ಕತ್ತಲೆ, ಎಣ್ಣೆ ವಾಸನೆ. ನನ್ನ ಪಕ್ಕ ಕೂತ ಹುಡುಗ, ಹೊಸದಾಗಿ ಸೇರಿದವನು, ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. ಒಂದೂವರೆ ಗಂಟೆ ಬಿಡಲಿಲ್ಲ. ದೋಣಿಗಳು ಯಾಕೋ ತಿರುಗಿ ಹೋದವು, ನಾವು ಬದುಕಿದೆವು.

1991ರಲ್ಲಿ ಸೊಮಾಲಿಯಾದ ಸರ್ಕಾರ ಬಿದ್ದುಹೋದ ಮೇಲೆ ಹೊರದೇಶದ ಟ್ರಾಲರುಗಳು ಅಲ್ಲಿಯ ಮೀನು ಬಾಚಿಕೊಂಡವು. ನಮ್ಮ ಕಡಲನ್ನು ನಾವೇ ಕಾಯುತ್ತೇವೆ ಅಂತ ಹೊರಟವರಿದ್ದರು, ಆಮೇಲೆ ಅದು ಒತ್ತೆಹಣದ ದಂಧೆ ಆಯಿತು. ಇದನ್ನೂ ಮಕ್ಕಳಿಗೆ ಹೇಳಿದೆ. ಅವರ ಹೊಟ್ಟೆಪಾಡು ನನಗೆ ಅರ್ಥ ಆಗುತ್ತದೆ. ಆದರೆ ನನ್ನ ಅಂಗಿ ಹಿಡಿದ ಆ ಹುಡುಗನ ಕೈ ನಡುಗಿದ್ದೂ ನಿಜ.

ಮಕ್ಕಳು ಅವತ್ತು ಮುಂದೆ ಆಡಲಿಲ್ಲ. ಮುಂದಿನ ವಾರ ಬಂದಾಗ ಹೊಸ ನಿಯಮ ಬರೆದು ತಂದಿದ್ದರು. ಯಾವುದೇ ಹಡಗು ಹಿಡಿದರೂ ಅದರಲ್ಲಿ ಇರುವವರಿಗೆಲ್ಲ ಹೆಸರಿಡಬೇಕು. ಊರು ಯಾವುದು, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಅಂತ ಹೇಳಬೇಕು. ಆಮೇಲೆ ದಾಳ ಹಾಕಬೇಕು. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಸಂಪಾದಕರೇ, ನಿಮ್ಮ ಮೂಲಕ ನಮ್ಮ ಸುತ್ತಿನ ವಾಚನಾಲಯಗಳವರಲ್ಲಿ ಕೇಳಿಕೊಳ್ಳುತ್ತೇನೆ. ಎಂಟು ಮಕ್ಕಳು. ಒಂದು ಉದ್ದದ ಮೇಜು ಬೇಕು. ಆದಿತ್ಯವಾರ ಮಧ್ಯಾಹ್ನ ಮೂರರಿಂದ ಆರು. ಗಲಾಟೆ ಸ್ವಲ್ಪ ಆಗುತ್ತದೆ, ಅದು ಮಾತಿನ ಗಲಾಟೆ. ಬಾಗಿಲು ತೆರೆಯಲು, ಮುಚ್ಚಲು ನಾನೇ ಬಂದು ಕೂರುತ್ತೇನೆ. ಸದ್ಯಕ್ಕೆ ನಮ್ಮ ಚಾವಡಿಯಲ್ಲಿ ಆಡುತ್ತಿದ್ದಾರೆ. ಆದರೆ ಜೂನ್ ಬಂದರೆ ಪಡುಗಾಳಿಗೆ ಎರಚಲು ಒಳತನಕ ಹೊಡೆಯುತ್ತದೆ. ನಕ್ಷೆ ಕಾಗದದ್ದು.

ಇತಿ,
ಒಬ್ಬ ನಿವೃತ್ತ ಬೋಸನ್
ಕುಂಬಳೆ