ಭಾನುವಾರದ ಆಟಕ್ಕೆ ಮುಂಚೆ ಓದಿಕೊಳ್ಳಿ: ಪೋಕರ್‌ನಲ್ಲಿ ಯಾರ ಕೈ ದೊಡ್ಡದು

ಎಲ್ಲರಿಗೂ ನಮಸ್ಕಾರ. ಹೋದ ವಾರ ಪಿ.ಜೆ. ಬಡಾವಣೆ ಮನೇಲಿ ಮಂಡಕ್ಕಿ ಮಿರ್ಚಿ ತಣ್ಣಗಾಗೋವರೆಗೂ ವಾದ ಆಯ್ತಲ್ಲ, ಮತ್ತೆ ಹಾಗಾಗಬಾರದು ಅಂತ ಬರೀತಿದ್ದೀನಿ.

ನಾವೆಲ್ಲ ಮೂರೆಲೆ ಆಡಿ ಬೆಳೆದವರು. ಅಲ್ಲಿ ಕಲರ್‌ಗಿಂತ (ಎಲ್ಲ ಎಲೆಗಳೂ ಒಂದೇ ಗುರುತಿನವು) ಸೀಕ್ವೆನ್ಸ್ (5, 6, 7 ಥರ ಸಾಲಾಗಿ ಬರೋ ಎಲೆಗಳು) ದೊಡ್ಡದು, ಪೋಕರ್‌ನಲ್ಲಿ ಉಲ್ಟಾ. ಐದೆಲೆ ಸೇರಿ ಆಗೋ 25,98,960 ಕೈಗಳಲ್ಲಿ ಸೀಕ್ವೆನ್ಸ್ 10,200 ಇವೆ, ಕಲರ್ ಬರೀ 5,108. ಅಪರೂಪದ್ದೇ ಮೇಲು. ಮೇಲಿಂದ ಕೆಳಕ್ಕೆ: ಒಂದೇ ಕಲರ್‌ನ ಸೀಕ್ವೆನ್ಸ್, ಒಂದೇ ಥರದ ನಾಲ್ಕು (ನಾಲ್ಕೂ ರಾಜ ಅನ್ನೋ ಹಾಗೆ), ಮೂರರ ಜತೆ ಒಂದು ಜೋಡಿ ಇರೋ ಫುಲ್ ಹೌಸ್, ಕಲರ್, ಸೀಕ್ವೆನ್ಸ್, ಒಂದೇ ಥರದ ಮೂರು, ಎರಡು ಜೋಡಿ, ಒಂದು ಜೋಡಿ, ಏನೂ ಇಲ್ಲದಿದ್ರೆ ದೊಡ್ಡ ಎಲೆ.

ವಾದ ಎದ್ದಿದ್ದು ರಾಜನ ಜೋಡಿಗೆ. ಇಬ್ಬರ ಹತ್ರಾನೂ ಅದೇ ಜೋಡಿ. ಒಬ್ಬರಿಗೆ ಎಕ್ಕ, 9, 4, ಇನ್ನೊಬ್ಬರಿಗೆ ರಾಣಿ, ಜಾಕಿ, 10. ಗೆದ್ದದ್ದು ಎಕ್ಕ ಇದ್ದವರೇ. ಉಳಿದ ಎಲೆಗಳನ್ನ ದೊಡ್ಡದರಿಂದ ಒಂದೊಂದಾಗಿ ಹೋಲಿಸಬೇಕು, ಕೂಡಿಸಿ ನೋಡೋ ಹಾಗಿಲ್ಲ. ಎರಡು ಜೋಡಿ ಬಂದಾಗಲೂ ಮೊದಲು ದೊಡ್ಡ ಜೋಡಿ, ಆಮೇಲೆ ಚಿಕ್ಕದು, ಕೊನೆಗೆ ಐದನೇ ಎಲೆ.

ಐದೂ ಸಮ ಆದ್ರೆ ಇಸ್ಪೀಟು ಮೇಲು, ಆಟೀನು ಕೆಳಗೆ ಅನ್ನೋದಿಲ್ಲ. ಪಣಕ್ಕೆ ಅಂತ ನಡುವೆ ಹಾಕಿರೋ ಹುಣಸೆ ಬೀಜ ಇಬ್ಬರಿಗೂ ಸಮಪಾಲು. ಬೆಸ ಉಳಿದ ಒಂದು ಬೀಜ ಮುಂದಿನ ಆಟಕ್ಕೆ ಹಾಕೋಣ, ಒಪ್ಪಿಗೆ ಇದ್ದವರು ಇಲ್ಲೇ ತಿಳಿಸಿ.