ಬೂಟು ಬಿಚ್ಚಿಟ್ಟ ಮೇಲೆ ಮೈಕ್ ಹಿಡಿಯುವ ಗೆಳೆಯನಿಗೆ

ವಿರಾಜಪೇಟೆ

ಗೆಳೆಯಾ,

ಟಿವಿಯ ಫುಟ್‌ಬಾಲ್ ಪಂದ್ಯಗಳ ಕನ್ನಡ ಕಾಮೆಂಟರಿಗೆ ವಾಯ್ಸ್ ಟೆಸ್ಟ್ ಕರೆ ಬಂದಿದೆ ಅಂತ ಗೊತ್ತಾಗಿ ಖುಷಿಯಾಯಿತು. ಮಂಡಿ ಕೈಕೊಟ್ಟು ಆಟ ನಿಂತಿತೆಂದು ಕಾಫಿ ತೋಟ ಸುತ್ತಿಕೊಂಡು ಸುಮ್ಮನಿರುವ ಆಸಾಮಿಯಲ್ಲ ನೀನು.

ನಮ್ಮ ಕೊಡಗಿನಲ್ಲಿ ಕಾಮೆಂಟರಿ ಅಂದರೆ ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಯ ಮೈಕು. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬದಲ್ಲಿ ಮೈಕ್ ಹಿಡಿದವರು ಬಾಯಿಗೆ ಬಿಡುವು ಕೊಡುವುದಿಲ್ಲ, ಕೊಡಲೂಬಾರದು. ಯಾವ ಮನೆತನ ಯಾರ ಮೇಲೆ, ಮುಂದಿನ ಪಂದ್ಯಕ್ಕೆ ಯಾರು ತಯಾರಾಗಬೇಕು, ಗೇಟಿಗೆ ಅಡ್ಡ ನಿಲ್ಲಿಸಿದ ಜೀಪು ಯಾರದು, ಎಲ್ಲ ಅವರೇ ಹೇಳಬೇಕು. ಆ ರೂಢಿಯನ್ನು ಟಿವಿಗೆ ಒಯ್ಯಬೇಡ. ಮನೆಯಲ್ಲಿ ಕೂತವನಿಗೆ ಚೆಂಡು ಕಾಣುತ್ತಿದೆ. ಅದನ್ನೇ ನೀನು ಮತ್ತೆ ಹೇಳಿದರೆ ಅವನು ಸೌಂಡ್ ಕಡಿಮೆ ಮಾಡುತ್ತಾನೆ.

ಬೂತಿನಲ್ಲಿ ಇಬ್ಬರಿರುತ್ತಾರೆ. ಚೆಂಡಿನ ಹಿಂದೆ ಓಡುವುದು ಮುಖ್ಯ ಕಾಮೆಂಟೇಟರ್ ಕೆಲಸ. ಮಾಜಿ ಆಟಗಾರನನ್ನು ಕೂರಿಸುವುದು ಅದು ಯಾಕೆ ಹಾಗಾಯಿತು ಅಂತ ಹೇಳಿಸಲಿಕ್ಕೆ. ನಿನಗೆ ಸಿಗುವ ಜಾಗ ಥ್ರೋ ಇನ್, ಗೋಲ್ ಕಿಕ್, ರೀಪ್ಲೇ, ಅಷ್ಟೇ. ಒಂದೊಂದೂ ಹತ್ತು ಸೆಕೆಂಡಿನ ಆಸುಪಾಸು. ಆಟ ಮತ್ತೆ ಶುರುವಾದರೆ ವಾಕ್ಯ ಅರ್ಧಕ್ಕೇ ನಿಂತರೂ ಸರಿ, ಬಿಟ್ಟುಕೊಡು.

ಗೋಲಾದಾಗ ಹೊಸಬರೆಲ್ಲ ಒಟ್ಟಿಗೆ ಕಿರುಚುತ್ತಾರೆ. ನೀನು ಸುಮ್ಮನಿರು. ಮೊದಲ ಕೂಗು ಜೊತೆಗಾರನದು, ಆಮೇಲೆ ಗ್ಯಾಲರಿಯದು. ಮೊದಲ ರೀಪ್ಲೇ ದೂರದ ಕ್ಯಾಮೆರಾದಿಂದ ಬಂದರೆ ಚೆಂಡು ಬಿಟ್ಟು ಡಿಫೆಂಡರ್‌ಗಳನ್ನು ನೋಡು. ಬಲಗಡೆಯಿಂದ ಕ್ರಾಸ್ ಬಂತು, ಹೆಡರ್ ಆಯಿತು ಅಂತಿಟ್ಟುಕೋ. ಆಗ ಹೇಳಬೇಕಾದ್ದು ಇಷ್ಟು: "ಸೆಂಟರ್ ಬ್ಯಾಕ್ ನೋಡಿ. ಚೆಂಡನ್ನೇ ನೋಡ್ತಾ ನಿಂತ. ಬೆನ್ನ ಹಿಂದೆ ಯಾರಿದ್ದಾರೆ ಅಂತ ತಿರುಗಲೇ ಇಲ್ಲ." ಎರಡನೆಯ ರೀಪ್ಲೇ ಗೋಲಿನ ಹಿಂದಿನಿಂದ ಬಂದರೆ ಗೋಲ್‌ಕೀಪರ್ ಕಾಲು ನೋಡು, ಯಾವ ಕಡೆ ಭಾರ ಹಾಕಿದ್ದ ಅನ್ನುವುದು ಕಾಣುತ್ತದೆ. ಮೂರನೆಯದು ಸಂಭ್ರಮದ್ದು. ಅಲ್ಲಿ ಮಾತೇ ಬೇಡ.

ವಾಕ್ಯ ಗಿಡ್ಡ ಇರಲಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. "ಎಡಗಡೆಯಿಂದ ಓಡಿಬಂದು ಇಬ್ಬರನ್ನು ದಾಟಿ ಒಳಗೆ ಕೊಟ್ಟ ಪಾಸನ್ನು" ಅಂತ ಎಳೆಯುವಷ್ಟರಲ್ಲಿ ಚೆಂಡು ಇನ್ನೊಂದು ತುದಿಯಲ್ಲಿರುತ್ತದೆ. ಹೆಸರು ಹೇಳು, ಕೆಲಸ ಹೇಳು, ನಿಲ್ಲಿಸು.

ಸ್ಟೇಡಿಯಂನಲ್ಲೇ ಕೂರಿಸುತ್ತಾರೆ ಅಂತ ಖಚಿತವಿಲ್ಲ. ಎಷ್ಟೋ ಸಲ ದೂರದ ಊರಿನ ಸ್ಟುಡಿಯೋದಲ್ಲಿ ಮಾನಿಟರ್ ನೋಡಿಕೊಂಡೇ ಮಾತಾಡಬೇಕು. ಡೈರೆಕ್ಟರ್ ತೋರಿಸಿದ್ದಷ್ಟೇ ನಿನ್ನ ಮೈದಾನ. ದೂರದ ಶಾಟ್‌ನಲ್ಲಿ ಜೆರ್ಸಿ ನಂಬರ್ ಕಾಣದು, ಓಟದ ಶೈಲಿ, ಕೂದಲು, ಬೂಟಿನ ಬಣ್ಣ ಇವುಗಳಿಂದಲೇ ಗುರುತು ಹಿಡಿಯಬೇಕು. ಮಳೆಯಿದ್ದರೆ ಬ್ರೇಕ್‌ನಲ್ಲಿ ಬೂಟು ಬದಲಾಗುವುದೂ ಉಂಟು, ಎರಡನೆಯ ಅರ್ಧದ ಮೊದಲ ನಿಮಿಷದಲ್ಲೇ ನೋಡಿಕೋ. ಇದಕ್ಕೆ ನಮ್ಮ ಮಳೆಗಾಲದ ಕಕ್ಕಡ ತಿಂಗಳ ಕೆಸರುಗದ್ದೆ ಫುಟ್‌ಬಾಲಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹತ್ತು ನಿಮಿಷಕ್ಕೆ ಎರಡೂ ತಂಡದ ಜೆರ್ಸಿ ಒಂದೇ ಬಣ್ಣ!

ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು ತಂಡದ ಪಟ್ಟಿ ಬರುತ್ತದೆ. ಅದಕ್ಕೂ ಮೊದಲೇ ದೊಡ್ಡ ಹಾಳೆಯೊಂದರಲ್ಲಿ ಎರಡೂ ತಂಡ ಬರೆದಿಟ್ಟುಕೊಂಡಿರು. ಆಟಗಾರರ ಹೆಸರು ಪೆನ್ನಿನಲ್ಲಿ, ಅವರು ನಿಲ್ಲುವ ಜಾಗ ಪೆನ್ಸಿಲ್‌ನಲ್ಲಿ, ಯಾಕೆಂದರೆ ಕೋಚ್ ಅದನ್ನು ಕಡೇ ಗಳಿಗೆಯಲ್ಲೂ ಬದಲಿಸುತ್ತಾನೆ. ಒಬ್ಬೊಬ್ಬರಿಗೆ ಎರಡೇ ವಿಷಯ ಸಾಕು. ಹತ್ತು ಬರೆದುಕೊಂಡವನು ಹತ್ತನ್ನೂ ಹೇಳಲು ಹೋಗಿ ಆಟ ತಪ್ಪಿಸಿಕೊಳ್ಳುತ್ತಾನೆ. ಹೆಸರಿನ ಉಚ್ಚಾರ ಗೊತ್ತಿಲ್ಲದಿದ್ದರೆ ಕ್ಲಬ್‌ನವರನ್ನೇ ಕೇಳು.

ಮಾಜಿ ಆಟಗಾರರು ಜಾರಿಬೀಳುವುದು ನಿಯಮದಲ್ಲಿ. ಆಡುವಾಗ ರೆಫ್ರಿಯ ಜತೆ ವಾದಿಸಿ ಅಭ್ಯಾಸ, ನಿಯಮಪುಸ್ತಕ ತೆರೆದ ಅಭ್ಯಾಸವಿಲ್ಲ. 2023ರ ಮಾರ್ಚ್ 3, ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇ ಆಫ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಚೆಟ್ರಿ ಫ್ರೀ ಕಿಕ್ ಒಳಗೆ ಕಳಿಸಿದ, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು, ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು. ಅಂಥ ಹೊತ್ತಿನಲ್ಲಿ "ವಿಶಲ್ ಊದಿಲ್ಲ, ಗೋಲ್ ಹೇಗೆ?" ಅಂದುಬಿಟ್ಟರೆ ಕೆಟ್ಟೆ. ಫ್ರೀ ಕಿಕ್‌ಗೆ ಎಲ್ಲ ಸಲವೂ ವಿಶಲ್ ಬೇಕಿಲ್ಲ. ರೆಫ್ರಿ 9.15 ಮೀಟರ್ ಅಳೆದು ಗೋಡೆ ನಿಲ್ಲಿಸಲು ಹೋದರೆ ವಿಶಲ್‌ಗೆ ಕಾಯಬೇಕು. ಹಾಗಾಗಿ ನೀನು ನೋಡಬೇಕಾದ್ದು ರೆಫ್ರಿಯ ಕೈ. ವಿರಾಜಪೇಟೆಯಿಂದ ಗಡಿ ದಾಟಿದರೆ ಕೇರಳ, ಬ್ಲಾಸ್ಟರ್ಸ್ ನಾಡು. ಇಲ್ಲಿ ಅವರ ಹಳದಿ ಜೆರ್ಸಿ ತೊಟ್ಟ ಅಭಿಮಾನಿಗಳೂ ನಿನ್ನ ಮಾತು ಕೇಳುತ್ತಿರುತ್ತಾರೆ ಅನ್ನುವುದು ನೆನಪಿರಲಿ.

ಹೊಸ ನಿಯಮಗಳನ್ನೂ ವರ್ಷಕ್ಕೊಮ್ಮೆ ಓದು. 2025ರಿಂದ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಥ್ರೋ ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ, ಇಷ್ಟು ಹಳೆಯ ನಿಯಮದಲ್ಲೂ ಎಡವಿದವರಿದ್ದಾರೆ.

ತೀರ್ಪು ಕೊಡಲು ಅವಸರ ಬೇಡ. ಲಿವರ್‌ಪೂಲ್ ಡಿಫೆನ್ಸ್‌ನಲ್ಲಿ ಮೆರೆದು ಬಿಬಿಸಿಯಲ್ಲಿ ವಿಶ್ಲೇಷಕನಾದ ಅಲನ್ ಹ್ಯಾನ್ಸನ್, 1995ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೊದಲ ಪಂದ್ಯ ಸೋತಾಗ ಹುಡುಗರನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು ಅಂದ. ಅದೇ ಹುಡುಗರು ಆ ಸೀಸನ್‌ನಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಗೆದ್ದರು. ಅವನ ವರ್ಷಗಳ ಒಳ್ಳೆಯ ವಿಶ್ಲೇಷಣೆ ಬಿಟ್ಟು ಜನ ಇವತ್ತಿಗೂ ಅದೊಂದನ್ನೇ ಎತ್ತಿ ಆಡುತ್ತಾರೆ. ಹಳೆಯ ಜೊತೆಗಾರ ತಪ್ಪು ಮಾಡಿದರೂ ಹೇಳಲೇಬೇಕು. ತಪ್ಪನ್ನು ಹೇಳು, ಆಳನ್ನು ಹಳಿಯಬೇಡ. ಮರೆಮಾಚಿದರೆ ಮಾತ್ರ ಕೇಳುಗನಿಗೆ ಕೂಡಲೇ ಗೊತ್ತಾಗುತ್ತದೆ.

ಸಲಕರಣೆಯ ವಿಷಯ. ತುಟಿ ಮೈಕ್ ಕೊಟ್ಟರೆ ಅದರ ಮೇಲಿನ ಪಟ್ಟಿ ಮೇಲ್ದುಟಿಗೆ ತಾಗಿಯೇ ಇರಬೇಕು, ಉತ್ಸಾಹದಲ್ಲಿ ದೂರ ಹಿಡಿದರೆ ನಿನ್ನ ದನಿ ಸಣ್ಣಗಾಗಿ ಗದ್ದಲ ಮುಂದೆ ಬರುತ್ತದೆ. ಕೆಮ್ಮು ಬಂದರೆ ಒತ್ತಲು ಬಟನ್ ಇರುತ್ತದೆ, ಕೂತ ತಕ್ಷಣ ಎಲ್ಲಿದೆ ನೋಡಿಕೋ. ಕಿವಿಯಲ್ಲಿ ಡೈರೆಕ್ಟರ್ ಲೆಕ್ಕ ಎಣಿಸುತ್ತಿರುತ್ತಾನೆ. ಬಾಯಲ್ಲಿ ಒಂದು, ಕಿವಿಯಲ್ಲಿ ಇನ್ನೊಂದು ನಡೆಸುವ ಅಭ್ಯಾಸಕ್ಕೆ ಮನೆಯಲ್ಲಿ ರೇಡಿಯೋ ಹಾಕಿಕೊಂಡು ಟಿವಿ ಪಂದ್ಯಕ್ಕೆ ಮಾತಾಡು.

ಹಣ ಪಂದ್ಯದ ಲೆಕ್ಕದಲ್ಲಿ ಬಂದರೆ ಸೀಸನ್ ಮುಗಿದ ಮೇಲೆ ಸೊನ್ನೆ. ಟಿಡಿಎಸ್ ನೂರಕ್ಕೆ ಹತ್ತು ಹಿಡಿಯುತ್ತಾರೆ. ಕಾಫಿ ಆದಾಯದ ಜತೆ ಬೆರೆಸದೆ ಆಡಿಟರ್‌ಗೆ ಬೇರೆ ಲೆಕ್ಕ ಕೊಡು. ಮಳೆಗಾಲದಲ್ಲಿ ಕಣ್ಣೂರು ವಿಮಾನ ಹಿಡಿಯುವುದಾದರೆ ಮಾಕುಟ್ಟ ಘಾಟಿಯನ್ನು ನಂಬಿ ಅದೇ ದಿನ ಹೊರಡಬೇಡ.

ವಾಯ್ಸ್ ಟೆಸ್ಟ್‌ಗೆ ಮೊದಲು ಸುಂಟಿಕೊಪ್ಪದ ಗೋಲ್ಡ್ ಕಪ್ ಫುಟ್‌ಬಾಲ್ ಪಂದ್ಯವೊಂದನ್ನು ಗ್ಯಾಲರಿಯಲ್ಲಿ ಕೂತು ಫೋನಿಗೆ ರೆಕಾರ್ಡ್ ಮಾಡು. ನನಗೆ ಎರಡನೆಯ ಅರ್ಧದ ಕೊನೆಯ ಇಪ್ಪತ್ತು ನಿಮಿಷ ಕಳಿಸು. ಮೊದಲ ಅರ್ಧದಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ.

ನಿನ್ನವ