ಹಣದುಬ್ಬರ ಇಳಿದರೆ ಬೆಲೆ ಇಳಿದಂತಲ್ಲ: ನೈಜೀರಿಯಾದ ಲೆಕ್ಕ

ಸಂಪಾದಕರಿಗೆ,

ನೈಜೀರಿಯಾದಲ್ಲಿ ಹಣದುಬ್ಬರ ಇಳಿಯುತ್ತಿದೆ ಎಂಬ ಸುದ್ದಿ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಆಗಾಗ ಬರುತ್ತಿದೆ. ಓದಿದವರಿಗೆ ಅಲ್ಲಿ ಅಕ್ಕಿ, ಎಣ್ಣೆ, ಬಸ್ ಚಾರ್ಜು ಎಲ್ಲ ಅಗ್ಗವಾಗಿರಬೇಕು ಅನ್ನಿಸುವುದು ಸಹಜ. ಆಗಿರುವುದು ಹಾಗಲ್ಲ. ಬೆಲೆ ಏರುವ ವೇಗ ತಗ್ಗಿದೆ. ಏರಿದ ಬೆಲೆ ಬಹುಪಾಲು ಏರಿದಲ್ಲೇ ನಿಂತಿದೆ. ಇಷ್ಟನ್ನು ಹೇಳದೆ ಬರೀ ಶೇಕಡಾವಾರು ಅಚ್ಚು ಹಾಕಿದರೆ 20 ಕೋಟಿಗೂ ಹೆಚ್ಚು ಜನರ ಬವಣೆ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಾಗಿ ಈ ಪತ್ರ.

ಮೊದಲು ಅತಿ ಹೆಚ್ಚು ತಪ್ಪಾಗಿ ಓದಿಸಿಕೊಂಡ ಅಂಕಿಯನ್ನೇ ನೋಡೋಣ. 2024ರ ಡಿಸೆಂಬರ್‌ನಲ್ಲಿ ಆ ದೇಶದ ಹಣದುಬ್ಬರ ಶೇ 34.80 ಇತ್ತು. 2025ರ ಜನವರಿಗೆ ಅದು ಶೇ 24.48 ಎಂದು ಪ್ರಕಟವಾಯಿತು. ಒಂದು ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಅಂಶ ಇಳಿಕೆ! ಆ ತಿಂಗಳಲ್ಲಿ ಅಲ್ಲಿನ ದೊಡ್ಡ ನಗರ ಲಾಗೋಸ್‌ನ ಸಂತೆಯಲ್ಲಿ ಯಾವ ಪವಾಡವೂ ನಡೆದಿರಲಿಲ್ಲ. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಗ್ರಾಹಕ ಬೆಲೆ ಸೂಚ್ಯಂಕದ ಮೂಲ ವರ್ಷವನ್ನು, ಅಂದರೆ ಬೆಲೆಗಳನ್ನು ಹೋಲಿಸಲು 100 ಎಂದು ಹಿಡಿಯುವ ವರ್ಷವನ್ನು, 2009ರಿಂದ 2024ಕ್ಕೆ ಬದಲಿಸಿತ್ತು. ಮನೆಮಂದಿ ಕೊಳ್ಳುವ ಸಾಮಾನುಗಳ ಪಟ್ಟಿ ಹೊಸದಾಯಿತು, ಅದರಲ್ಲಿ ಆಹಾರದ ತೂಕ ನೂರಕ್ಕೆ ಸುಮಾರು 52 ಇದ್ದದ್ದು ಸುಮಾರು 40ಕ್ಕೆ ಇಳಿಯಿತು.

ಮೂಲ ವರ್ಷ ಬದಲಿಸಿದ್ದು ತಪ್ಪಲ್ಲ. ಹದಿನೈದು ವರ್ಷ ಹಳೆಯ ಪಟ್ಟಿ ಹಿಡಿದು ಇಂದಿನ ಸಂಸಾರದ ಖರ್ಚು ಅಳೆಯಲಾಗದು; ಆ ಕೆಲಸ ಬಹಳ ಹಿಂದೆಯೇ ಆಗಬೇಕಿತ್ತು. ತಪ್ಪಿರುವುದು ಹಳೆ ಪಟ್ಟಿಯ 34.80ನ್ನೂ ಹೊಸ ಪಟ್ಟಿಯ 24.48ನ್ನೂ ಅಕ್ಕಪಕ್ಕ ಇಟ್ಟು ‘ಇಳಿಯಿತು’ ಎನ್ನುವುದರಲ್ಲಿ. ಆಹಾರದ ತೂಕ ಕಡಿಮೆ ಮಾಡಿದ್ದರಿಂದಲೇ ಅಷ್ಟೂ ಇಳಿಯಿತು ಎನ್ನುವವರೂ ಇದ್ದಾರೆ, ಅದೂ ಸರಿಯಲ್ಲ. ಆಹಾರ ಶೇ 40ರಷ್ಟು, ಉಳಿದದ್ದು ಶೇ 25ರಷ್ಟು ಏರಿದೆ ಎಂದು ಒಂದು ಉದಾಹರಣೆ ಇಟ್ಟುಕೊಳ್ಳಿ. ಆಹಾರಕ್ಕೆ 52 ತೂಕ ಕೊಟ್ಟರೆ ಒಟ್ಟು ಏರಿಕೆ ಶೇ 32.8, 40 ತೂಕ ಕೊಟ್ಟರೆ ಶೇ 31. ವ್ಯತ್ಯಾಸ ಎರಡು ಅಂಶವೂ ಇಲ್ಲ. ಮಿಕ್ಕ ಇಳಿಕೆ ಬಂದದ್ದು ಪಟ್ಟಿಯ ಸಾಮಾನು, ಲೆಕ್ಕದ ವಿಧಾನ ಮತ್ತು ಹೋಲಿಕೆಯ ಬುಡವೇ ಬದಲಾದದ್ದರಿಂದ. ಯಾವ ದೇಶವೇ ಆಗಲಿ, ಹೀಗೆ ಮೂಲ ವರ್ಷ ಬದಲಾಗಿ ಹೊಸ ಸರಣಿ ಶುರುವಾದ ತಿಂಗಳ ಅಂಕಿಯನ್ನು ಹಿಂದಿನ ತಿಂಗಳಿನದರ ಜೊತೆ ಹೋಲಿಸಬಾರದು.

ಹಾಗಾದರೆ ಓದುಗ ಏನು ಮಾಡಬೇಕು? ವರ್ಷವರ್ಷದ ದರಗಳನ್ನು ಕೂಡಿಸದೆ ಒಂದರ ಮೇಲೊಂದು ಗುಣಿಸಬೇಕು. ಹಳೆ ಸರಣಿಯ ಪ್ರಕಾರ ನೈಜೀರಿಯಾದ ಡಿಸೆಂಬರ್ ಹಣದುಬ್ಬರ 2020ರಲ್ಲಿ ಶೇ 15.75, 2021ರಲ್ಲಿ 15.63, 2022ರಲ್ಲಿ 21.34, 2023ರಲ್ಲಿ 28.92, 2024ರಲ್ಲಿ 34.80. ಕೂಡಿಸಿದರೆ 116 ಆಗುತ್ತದೆ, ಅಂದರೆ 100 ನೈರಾ (ಅಲ್ಲಿನ ಹಣ) ಸಾಮಾನು 216 ಆಗಿದೆ ಎಂದು ತೋರುತ್ತದೆ. ಅದು ತಪ್ಪು ಉತ್ತರ. 1.1575 ಗುಣಿಸು 1.1563, ಗುಣಿಸು 1.2134, ಹೀಗೆ ಕೊನೆಯವರೆಗೆ ಹೋದರೆ ಬರುವುದು 2.82. 2019ರ ಕೊನೆಗೆ 100 ನೈರಾ ಇದ್ದದ್ದು ಐದು ವರ್ಷದಲ್ಲಿ 282 ಆಗಿದೆ. ಆಹಾರವೊಂದನ್ನೇ ತೆಗೆದುಕೊಂಡರೆ ಇದೇ ಲೆಕ್ಕದಲ್ಲಿ 325.

ಇದರ ಪಕ್ಕದಲ್ಲಿ ಸಂಬಳ ಇಟ್ಟು ನೋಡಿ. ಅಲ್ಲಿನ ಕನಿಷ್ಠ ವೇತನ 2019ರಲ್ಲಿ ತಿಂಗಳಿಗೆ 30,000 ನೈರಾ. 2024ರ ಜುಲೈನಲ್ಲಿ ಅದನ್ನು 70,000ಕ್ಕೆ ಏರಿಸಿದರು. ಇಮ್ಮಡಿಗಿಂತ ಹೆಚ್ಚಾಯಿತು ಎಂದು ಆಗ ದೊಡ್ಡದಾಗಿ ಸುದ್ದಿಯಾಯಿತು. 2019ರ ಕೊನೆಯ 30,000ಕ್ಕೆ ಸಮನಾಗಬೇಕಿದ್ದರೆ 2024ರ ಕೊನೆಗೆ ಸುಮಾರು 84,700 ಬೇಕಿತ್ತು. ಗಳಿಕೆಯ ಮುಕ್ಕಾಲು ಪಾಲು ಊಟಕ್ಕೇ ಹೋಗುವ ಮನೆಗೆ ಇನ್ನೂ ಹೆಚ್ಚು, ಆಹಾರದ ಲೆಕ್ಕದಲ್ಲೇ ಹಿಡಿದರೆ 97,500. ಡಾಲರ್‌ನಲ್ಲಿ ಹೇಳುವುದಾದರೆ 80ಕ್ಕೂ ಹೆಚ್ಚಿದ್ದ ವೇತನ 45ರ ಆಸುಪಾಸಿಗೆ ಬಂದಿತ್ತು. 2024ರ ಕೊನೆಯಲ್ಲಿ ಒಂದು ತಿಂಗಳ ಕನಿಷ್ಠ ವೇತನಕ್ಕೆ 50 ಕಿಲೋದ ಒಂದು ಮೂಟೆ ಅಕ್ಕಿ ಬರುತ್ತಿರಲಿಲ್ಲ. ಅದೂ ಈ ವೇತನ ಸಿಗುವುದು ಸರ್ಕಾರಿ ಮತ್ತು ನೋಂದಾಯಿತ ಉದ್ಯೋಗದವರಿಗೆ. ತಳ್ಳುಗಾಡಿಯವರಿಗೆ, ಮೂಟೆ ಹೊರುವವರಿಗೆ ಇದರ ನೆರಳೂ ಬೀಳುವುದಿಲ್ಲ.

2023ರ ನಡುವಿನಿಂದ ಬೆಲೆ ಹೀಗೆ ಹಾರಲು ಎರಡು ನಿರ್ಧಾರಗಳು ಮುಖ್ಯ ಕಾರಣ. 2023ರ ಮೇ 29ರಂದು ಅಧಿಕಾರ ಸ್ವೀಕರಿಸಿದ ಅಧ್ಯಕ್ಷ ಬೋಲಾ ಟಿನುಬು, ಅಂದಿನ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ಮುಗಿಯಿತು ಎಂದರು. ಲೀಟರಿಗೆ 200 ನೈರಾ ಒಳಗಿದ್ದ ಪೆಟ್ರೋಲ್ ಅದೇ ವಾರ 500ರ ಆಸುಪಾಸಿಗೆ, ಜುಲೈನಲ್ಲಿ 617ಕ್ಕೆ, 2024ರ ಅಕ್ಟೋಬರ್ ಹೊತ್ತಿಗೆ 1,000ಕ್ಕೆ ಹೋಯಿತು. ಎರಡನೆಯದು ನೈರಾದ್ದು. 2023ರ ಜೂನ್‌ನಲ್ಲಿ ಹಲವು ವಿನಿಮಯ ದರಗಳನ್ನು ಒಂದುಗೂಡಿಸಿ ನೈರಾವನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರ್‌ಗೆ 460ರ ಸುತ್ತ ಇದ್ದದ್ದು 2024ರ ಫೆಬ್ರವರಿಗೆ 1,500 ದಾಟಿತು. ಕಚ್ಚಾ ತೈಲ ರಫ್ತು ಮಾಡುವ ದೇಶ ಅದು. ಆದರೂ ಸರ್ಕಾರಿ ಸಂಸ್ಕರಣಾಗಾರಗಳು ವರ್ಷಗಟ್ಟಲೆ ನಿಂತೇ ಇದ್ದುದರಿಂದ ಪೆಟ್ರೋಲ್ ಹೊರಗಿನಿಂದಲೇ ಬರಬೇಕಿತ್ತು. ಲಾಗೋಸ್ ಬಳಿಯ ಲೆಕ್ಕಿಯಲ್ಲಿರುವ ಖಾಸಗಿ ಡಾಂಗೋಟೆ ಸಂಸ್ಕರಣಾಗಾರದಿಂದ ಪೆಟ್ರೋಲ್ ಬರತೊಡಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ನೈರಾ ಬಿದ್ದದ್ದೂ ಪಂಪಿನ ಬೆಲೆಯನ್ನು ಏರಿಸಿತು. ಎರಡು ಏಟು ಒಂದರ ಬೆನ್ನಿಗೆ ಒಂದು ಬಿದ್ದವು.

ಪೆಟ್ರೋಲ್ ಎಂದರೆ ಅಲ್ಲಿ ವಾಹನಕ್ಕಷ್ಟೇ ಅಲ್ಲ. ಕರೆಂಟು ಸದಾ ಕೈಕೊಡುವುದರಿಂದ ದರ್ಜಿ, ಕ್ಷೌರಿಕ, ಮೀನು ಮಾರುವವರ ಫ್ರೀಜರ್ ಎಲ್ಲವೂ ಸಣ್ಣ ಪೆಟ್ರೋಲ್ ಜನರೇಟರ್ ಮೇಲೆ ನಡೆಯುತ್ತವೆ. ನಮ್ಮ ಬಜಾಜ್, ಟಿವಿಎಸ್ ಆಟೊಗಳೇ ಅಲ್ಲಿ ‘ಕೆಕೆ’ ಎಂಬ ಹೆಸರಿನಲ್ಲಿ ಓಡುತ್ತವೆ; ಅವುಗಳ ಪೆಟ್ರೋಲೂ ಏರಿತು, ಡಾಲರ್ ಲೆಕ್ಕದಲ್ಲಿ ತರಿಸುವ ಬಿಡಿಭಾಗವೂ ಏರಿತು. ಉತ್ತರದ ಕಾನೊದಿಂದ ಲಾಗೋಸ್‌ಗೆ ಸುಮಾರು 1,000 ಕಿಲೋಮೀಟರ್ ಟೊಮೆಟೊ ಹೊತ್ತು ಬರುವ ಲಾರಿಗಳು ಓಡುವುದು ಡೀಸೆಲ್‌ನಲ್ಲಿ. ಡೀಸೆಲ್‌ಗೆ ಆಗಲೇ ಸಬ್ಸಿಡಿ ಇರಲಿಲ್ಲ, ಅದನ್ನು ಏರಿಸಿದ್ದು ನೈರಾ. ಸಬ್ಸಿಡಿ ತೆಗೆದದ್ದೊಂದೇ ಕಾರಣ ಎಂದು ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

2023ರ ಜುಲೈನಲ್ಲಿ ಬೆಂಗಳೂರಿನಲ್ಲೂ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಆದರೆ ಅದು ಬೆಳೆ ಕೈಕೊಟ್ಟ ಏರಿಕೆ. ಕೋಲಾರದ ಮಂಡಿಗೆ ಮುಂದಿನ ಕೊಯ್ಲಿನ ಮಾಲು ಬಂದದ್ದೇ ಇಳಿಯಿತು. ಇಂಧನ ಮತ್ತು ಕರೆನ್ಸಿಯಿಂದ ಬಂದ ಏರಿಕೆಗೆ ಮುಂದಿನ ಕೊಯ್ಲು ಎಂಬುದಿಲ್ಲ. ಬಾಡಿಗೆ, ಕೂಲಿ, ಶಾಲೆಯ ಫೀಸು, ಔಷಧ ಎಲ್ಲದರೊಳಗೂ ಸೇರಿಕೊಂಡು ಅಲ್ಲೇ ಉಳಿಯುತ್ತದೆ.

ಸೂಚ್ಯಂಕ ಅಳೆಯಲು ಕಷ್ಟಪಡುವ ಇನ್ನೊಂದು ಸಂಗತಿ ಇದೆ. ನೈಜೀರಿಯಾದ ಸಂತೆಗಳಲ್ಲಿ ಅಕ್ಕಿ, ಅಲಸಂದೆ, ಗರಿ ತಕ್ಕಡಿಯಲ್ಲಿ ತೂಗುವುದಕ್ಕಿಂತ ಅಳತೆಯಲ್ಲೇ ಹೆಚ್ಚು ಮಾರಾಟವಾಗುತ್ತವೆ. ಗರಿ ಎಂದರೆ ಮರಗೆಣಸನ್ನು ತುರಿದು, ಹುಳಿಸಿ, ಹಿಂಡಿ, ಹುರಿದ ತರಿ. ಬಡವರ ದಿನದ ಊಟ. ಉತ್ತರದಲ್ಲಿ ‘ಮುದು’ ಬಟ್ಟಲು, ಲಾಗೋಸ್ ಕಡೆ ‘ಕಾಂಗೊ’, ಸಣ್ಣ ಅಳತೆಗೆ ಟೊಮೆಟೊ ಪೇಸ್ಟಿನ ಖಾಲಿ ಡಬ್ಬ ‘ಡೆರಿಕಾ’, ದೊಡ್ಡದಕ್ಕೆ ಬಣ್ಣದ ಖಾಲಿ ಬಕೆಟ್. ಬೆಲೆ ಬಿಗಿಯಾದಾಗ ವ್ಯಾಪಾರಿ ಮೊದಲು ಮಾಡುವುದು ಅಳತೆಯ ಮೇಲಿನ ಗೋಪುರ ತಗ್ಗಿಸುವುದು. ಆಮೇಲೆ ಡಬ್ಬದ ತಳವನ್ನು ಒಳಕ್ಕೆ ತಗ್ಗು ಮಾಡುವವರೂ ಉಂಟು. ಬೆಲೆ ಅದೇ, ಕಾಳು ಕಡಿಮೆ. ನಮ್ಮ ಕೆ.ಆರ್. ಮಾರುಕಟ್ಟೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಮಲ್ಲಿಗೆಯ ಮೊಳ ಗಿಡ್ಡವಾಗುವಂತೆ. ಬೆಲೆ ಬರೆದುಕೊಳ್ಳಲು ಹೋದವರು ಪ್ರತಿ ಸಲವೂ ತಕ್ಕಡಿಗೆ ಹಾಕಿ ಗ್ರಾಂ ಲೆಕ್ಕ ಹಿಡಿಯದಿದ್ದರೆ ಈ ಏರಿಕೆ ಅಂಕಿಗೆ ಸಿಗದೇ ಹೋಗುತ್ತದೆ. ಮೂಟೆ ಕೊಳ್ಳುವ ಶಕ್ತಿ ಇಲ್ಲದೆ ಡೆರಿಕಾ ಲೆಕ್ಕದಲ್ಲಿ ಕೊಳ್ಳುವ ಮನೆಯೇ ಕಿಲೋಗೆ ಹೆಚ್ಚು ಕೊಡುತ್ತದೆ.

ಕೇಂದ್ರ ಬ್ಯಾಂಕ್ ಸುಮ್ಮನೆ ಕೂತಿರಲಿಲ್ಲ. 2023ರ ಜುಲೈನಲ್ಲಿ ಶೇ 18.75 ಇದ್ದ ನೀತಿ ದರವನ್ನು (ಉಳಿದ ಬ್ಯಾಂಕುಗಳ ಬಡ್ಡಿಗೆ ದಾರಿ ತೋರುವ ದರ) ಏರಿಸುತ್ತಾ ಹೋಗಿ 2024ರ ನವೆಂಬರ್‌ಗೆ ಶೇ 27.50ಕ್ಕೆ ತಂದಿತು, ಆ ಬಳಿಕ ಮೊದಲ ಬಾರಿ ಇಳಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ, 27ಕ್ಕೆ. ಬಡ್ಡಿ ಏರಿಸಿದ್ದು ನೈರಾವನ್ನು ಹಿಡಿದು ನಿಲ್ಲಿಸಲು ನೆರವಾಯಿತು. ಊಟದ ಬೆಲೆಗೆ ಅದರಿಂದ ಆಗುವುದು ಕಡಿಮೆ. ವಾಯವ್ಯದ ಝಂಫಾರಾ, ಕಟ್ಸಿನಾ ರಾಜ್ಯಗಳ ಹಲವೆಡೆ ಬಂದೂಕುಧಾರಿಗಳಿಗೆ ಕಪ್ಪ ಕೊಡದೆ ರೈತ ಹೊಲಕ್ಕೆ ಇಳಿಯುವಂತಿಲ್ಲ. ಬೆನುವೆ ರಾಜ್ಯದಲ್ಲಿ ದನಗಾಹಿಗಳಿಗೂ ರೈತರಿಗೂ ನಡೆಯುವ ಕಾದಾಟದಲ್ಲಿ ಊರಿಗೆ ಊರೇ ಖಾಲಿಯಾಗಿವೆ. ಬಿತ್ತದ ಹೊಲಕ್ಕೆ ಬಡ್ಡಿ ದರ ಏನು ಮಾಡೀತು? ಹಿಂದಿನ ಸರ್ಕಾರ ಕೇಂದ್ರ ಬ್ಯಾಂಕಿನಿಂದ ಕೈಸಾಲ ಎತ್ತಿದ್ದೂ ಇಲ್ಲಿ ಸೇರಬೇಕು. ಆಗ ಕಾನೂನಿನ ಮಿತಿ ಹಿಂದಿನ ವರ್ಷದ ಆದಾಯದ ಶೇ 5 ಇತ್ತು. 2023ರ ಮೇನಲ್ಲಿ ದೀರ್ಘಾವಧಿ ಸಾಲಪತ್ರವಾಗಿ ಬದಲಿಸಿದ ಬಾಕಿ 22.7 ಲಕ್ಷ ಕೋಟಿ ನೈರಾ. ಅಷ್ಟು ಹೊಸ ಹಣ ಚಲಾವಣೆಗೆ ಬಂದ ಮೇಲೆ ಬೆಲೆ ನಿಲ್ಲುವುದು ಕಷ್ಟ.

2025ರಲ್ಲಿ ಕೆಲವು ಧಾನ್ಯಗಳ ಬೆಲೆ ನಿಜಕ್ಕೂ ಇಳಿಯಿತು. ಆಮದು ಸುಂಕಕ್ಕೆ ವಿನಾಯಿತಿ ಘೋಷಣೆಯಾಗಿತ್ತು, ನೈರಾ ನಿಂತಿತ್ತು. ಆಗ ಪೆಟ್ಟು ತಿಂದವರು ದುಬಾರಿ ಗೊಬ್ಬರ, ದುಬಾರಿ ಡೀಸೆಲ್ ಹಾಕಿ ಬೆಳೆದ ರೈತರು. ಖರ್ಚು ಹೊಸ ಬೆಲೆಯದು, ಮಾಲು ಹಳೆ ಬೆಲೆಯತ್ತ. ಈ ಸಂಕಟ ಕರ್ನಾಟಕದ ರೈತರಿಗೆ ವಿವರಿಸಿ ಹೇಳಬೇಕಿಲ್ಲ.

ನಮ್ಮ ಪಾಲೂ ಇದರಲ್ಲಿದೆ. ಜಗತ್ತಿನ ಅಕ್ಕಿ ವ್ಯಾಪಾರದ ಸುಮಾರು ಶೇ 40 ಭಾರತದ್ದು. 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ, 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿ ರಫ್ತು ನಿಷೇಧವಾಯಿತು; ಮರುತಿಂಗಳು ಕುಸುಬಲಕ್ಕಿಗೆ ಶೇ 20 ರಫ್ತು ಸುಂಕ ಬಿತ್ತು. ನೈಜೀರಿಯಾದವರು ಉಣ್ಣುವುದು ಹೆಚ್ಚಾಗಿ ಕುಸುಬಲಕ್ಕಿ. ನಮ್ಮ ಅಕ್ಕಿ ಪಕ್ಕದ ಬೆನಿನ್ ದೇಶದ ಕೊಟೊನು ಬಂದರಿಗೆ ಇಳಿದು, ಅಲ್ಲಿಂದ ಗಡಿ ದಾಟಿ ಒಳಗೆ ಹೋಗುತ್ತದೆ. ನುಚ್ಚಕ್ಕಿಯನ್ನೇ ನೆಚ್ಚಿಕೊಂಡ ಸೆನೆಗಲ್‌ಗೆ ಮೊದಲ ನಿಷೇಧವೇ ತಟ್ಟಿತು. ಅದೇ 2023ರಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಸಿಗದೆ ನಮ್ಮ ರಾಜ್ಯ ತಲಾ 170 ರೂಪಾಯಿ ಖಾತೆಗೆ ಹಾಕಿದ್ದು ಎಲ್ಲರಿಗೂ ನೆನಪಿದೆ. ಮನೆಯ ಅಕ್ಕಿ ಕಾಪಾಡಿಕೊಳ್ಳುವ ಹಕ್ಕು ಯಾವ ದೇಶಕ್ಕೂ ಇದೆ. ಆದರೆ ರಾತ್ರೋರಾತ್ರಿ ನಿಷೇಧ ಹೇರಿದರೆ ಹಡಗು ಕಾಯುತ್ತಿದ್ದವರ ಗತಿ ಏನು? ಮೊದಲೇ ತಿಳಿಸಿ, ತಿಂಗಳಿಗಿಷ್ಟು ಎಂದು ಮಿತಿ ಹಾಕುವುದು ಇಬ್ಬರಿಗೂ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪತ್ರಿಕೆಗೆ ನಮ್ಮ ಮನವಿ ಚಿಕ್ಕದು. ಯಾವ ದೇಶದ ಹಣದುಬ್ಬರ ವರದಿ ಮಾಡಿದರೂ ಆ ತಿಂಗಳ ದರದ ಪಕ್ಕದಲ್ಲೇ ಮೂರು ವರ್ಷದ ಹಿಂದಿನ 100 ಈಗ ಎಷ್ಟು ಎಂದು ಹಾಕಿ. ಮೂಲ ವರ್ಷ ಬದಲಾಗಿದ್ದರೆ ಶೀರ್ಷಿಕೆಯಲ್ಲೇ ಹೇಳಿ.

ಇನ್ನೊಂದು ಮನವಿ ನೈಜೀರಿಯಾದ ವಿದ್ಯಾರ್ಥಿಗಳು ಓದುತ್ತಿರುವ ನಮ್ಮ ನಗರದ ಕಾಲೇಜುಗಳಿಗೆ. ‘ನೈರಾ ಸ್ಥಿರವಾಗಿದೆ’ ಎಂಬ ಸುದ್ದಿಯೂ ಹಣದುಬ್ಬರದ ಸುದ್ದಿಯಂತೆಯೇ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ನಿಂತಿರುವುದು ಬಿದ್ದ ಜಾಗದಲ್ಲಿ. 2023ರ ಮೇನಲ್ಲಿ ಅಧಿಕೃತ ದರದಲ್ಲಿ ಒಂದು ರೂಪಾಯಿಗೆ ಸುಮಾರು 5.6 ನೈರಾ, 2024ರ ಕೊನೆಗೆ ಸುಮಾರು 18. ಒಂದು ಲಕ್ಷ ರೂಪಾಯಿ ಫೀಸಿಗೆ 5.6 ಲಕ್ಷ ನೈರಾ ಹೊಂದಿಸುತ್ತಿದ್ದ ತಂದೆತಾಯಿ 18 ಲಕ್ಷ ಹೊಂದಿಸಬೇಕಾಯಿತು. ಆಗಲೇ ಕಾಳಸಂತೆಯಲ್ಲಿ ಡಾಲರ್ ಕೊಳ್ಳುತ್ತಿದ್ದವರಿಗೆ 9 ಲಕ್ಷದಿಂದ 18 ಲಕ್ಷ ಆಯಿತೆನ್ನಿ, ಅದೂ ಇಮ್ಮಡಿ. ಹೆಣ್ಣೂರು, ಕೊತ್ತನೂರು ಕಡೆ ಬಾಡಿಗೆಗಿರುವ ಆ ವಿದ್ಯಾರ್ಥಿಗಳಿಗೆ ಕಾಲೇಜುಗಳು ಮೂರು ಕೆಲಸ ಮಾಡಿಕೊಡಬಹುದು. ಫೀಸನ್ನು ಡಾಲರ್ ಬದಲು ರೂಪಾಯಿಯಲ್ಲಿ ನಿಗದಿ ಮಾಡಬಹುದು, ವರ್ಷದ್ದನ್ನು ಒಟ್ಟಿಗೆ ಕೇಳದೆ ನಾಲ್ಕು ಕಂತಿಗೆ ಒಪ್ಪಬಹುದು. ಮೂರನೆಯದು ಎಲ್ಲಕ್ಕಿಂತ ತುರ್ತಿನದು: ಬಾಕಿ ಇದೆ ಎಂದು ವ್ಯಾಸಂಗ ಪ್ರಮಾಣಪತ್ರ ತಡೆಹಿಡಿಯಬಾರದು. ವಾಸದ ಅವಧಿ ವಿಸ್ತರಿಸಲು ವಿದೇಶಿಯರ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ) ಅದನ್ನು ಕೇಳುತ್ತದೆ. ಅದು ಸಿಗದೆ ವೀಸಾ ಅವಧಿ ಮುಗಿದರೆ, ಫೀಸು ತಡವಾದದ್ದಕ್ಕೆ ಆ ಹುಡುಗ ಕಾನೂನಿನ ಕಣ್ಣಲ್ಲಿ ಅಪರಾಧಿಯಾಗುತ್ತಾನೆ. ಬಾಕಿ ವಸೂಲಿಯನ್ನೂ ಪ್ರಮಾಣಪತ್ರವನ್ನೂ ಬೇರೆ ಬೇರೆ ಕಡತದಲ್ಲಿ ಇಡಲಿ.

ಅರ್ಥಶಾಸ್ತ್ರ ಕಲಿಸುವ ಕೆಲವು ಅಧ್ಯಾಪಕರು,
ಬೆಂಗಳೂರು